ಮಧ್ಯಾಂಕದ ಲೆಕ್ಕ ಸರಿ ಬರುತ್ತದೆ, ಅರ್ಥ ಕೇಳಿದರೆ ತರಗತಿ ಸುಮ್ಮನಾಗುತ್ತದೆ

ಪ್ರಶ್ನೆ: ಬ್ಯಾಡಗಿ ತಾಲ್ಲೂಕಿನ ಗಣಿತ ಶಿಕ್ಷಕ

ಎಲ್ಲರಿಗೂ ನಮಸ್ಕಾರ. ಹತ್ತನೆಯ ತರಗತಿಗೆ ಸಂಖ್ಯಾಶಾಸ್ತ್ರ ಕಲಿಸುವಾಗ ಪ್ರತಿ ವರ್ಷವೂ ನಾನು ಒಂದೇ ಜಾಗದಲ್ಲಿ ಸಿಕ್ಕಿಬೀಳುತ್ತೇನೆ. ಈ ಸಲ ತರಗತಿಯ 40 ಮಕ್ಕಳು ಮನೆಯಿಂದ ಶಾಲೆಗೆ ಬರಲು ತೆಗೆದುಕೊಳ್ಳುವ ಸಮಯವನ್ನೇ ದತ್ತಾಂಶವಾಗಿ ಬಳಸಿದೆ. 0–10 ನಿಮಿಷದ ವರ್ಗಾಂತರದಲ್ಲಿ 6 ಮಕ್ಕಳು, 10–20ರಲ್ಲಿ 11, 20–30ರಲ್ಲಿ 12, 30–40ರಲ್ಲಿ 7, 40–50ರಲ್ಲಿ 4. ಹೆಚ್ಚಿನವರು ಸೂತ್ರ ಹಾಕಿ ಮಧ್ಯಾಂಕ (ಮೀಡಿಯನ್, ಅಂದರೆ ಏರಿಕೆಯಲ್ಲಿಟ್ಟ ಬೆಲೆಗಳ ನಟ್ಟನಡುವಿನ ಬೆಲೆ) 22.5 ಎಂದು ಸರಿಯಾಗಿಯೇ ಬರೆದರು. ಆದರೆ ಈ 22.5 ಏನನ್ನು ಹೇಳುತ್ತದೆ ಎಂದು ಕೇಳಿದಾಗ ಎಲ್ಲರೂ ಕಪ್ಪುಹಲಗೆ ನೋಡುತ್ತ ಕುಳಿತರು. ಒಬ್ಬ ಹುಡುಗ ಮಾತ್ರ ಎದ್ದು, “ಸೂತ್ರದಾಗ ಹಂಗ ಬಂತ್ರಿ ಸರ್” ಎಂದ.

ಹಿಂದಿನ ವರ್ಗದ ಸಂಚಿತ ಆವೃತ್ತಿಯಾದ (ಆ ವರ್ಗ ಮುಗಿಯುವವರೆಗಿನ ಮಕ್ಕಳ ಒಟ್ಟು ಸಂಖ್ಯೆಯಾದ) 17ರ ಬದಲು ಅದೇ ವರ್ಗದ 29 ಹಾಕಿದವರು ಐದಾರು ಮಂದಿ ಇದ್ದರು. ಅವರಿಗೆ ಉತ್ತರ 12.5 ಬಂದು, ಅದು 20–30ರ ಹೊರಗೇ ಬಿದ್ದಿದ್ದರೂ ಯಾರಿಗೂ ಅನುಮಾನ ಬರಲಿಲ್ಲ. ಓಜೀವ್ (ಸಂಚಿತ ಆವೃತ್ತಿಯ ನಕ್ಷೆ) ಎಳೆಯುವಾಗ ವರ್ಗದ ಮಧ್ಯಬಿಂದುವಿನ ಮೇಲೆ ಚುಕ್ಕೆ ಇಡುವ ತಪ್ಪಂತೂ ಎಷ್ಟು ತಿದ್ದಿದರೂ ಹೋಗುತ್ತಿಲ್ಲ. ನೀವು ಇದನ್ನು ಹೇಗೆ ಕಲಿಸುತ್ತೀರಿ?

ಉತ್ತರ 1: ಧಾರವಾಡದ ಶಿಕ್ಷಕ

ಸರ್, ನಾನು ಮೊದಲ ಎರಡು ದಿನ ಸೂತ್ರವನ್ನು ಹಲಗೆಯ ಮೇಲೆ ಬರೆಯುವುದೇ ಇಲ್ಲ. ಮಕ್ಕಳಿಗೆ ಏಳನೆಯ ತರಗತಿಯಿಂದಲೂ ಗೊತ್ತಿರುವ ತ್ರೈರಾಶಿಯಿಂದಲೇ ಮಧ್ಯಾಂಕ ತೆಗೆಸುತ್ತೇನೆ. ನಿಮ್ಮದೇ ಪಟ್ಟಿಯನ್ನು ತೆಗೆದುಕೊಳ್ಳಿ. ನಲವತ್ತು ಮಕ್ಕಳನ್ನು ಸಮಯದ ಏರಿಕೆಯಲ್ಲಿ ಸಾಲಾಗಿ ನಿಲ್ಲಿಸಿದರೆ ನಮಗೆ ಬೇಕಾದದ್ದು 20ನೆಯವರೆಗಿನ ಅರ್ಧ ಸಾಲು. 20 ನಿಮಿಷ ಮುಗಿಯುವಷ್ಟರಲ್ಲಿ 17 ಮಂದಿ ಬಂದಾಯಿತು, ಇನ್ನು ಬೇಕಾದವರು ಮೂವರು. ಮುಂದಿನ 10 ನಿಮಿಷದಲ್ಲಿ 12 ಮಂದಿ ಒಂದೇ ಸಮನಾಗಿ ಬರುತ್ತಾರೆ ಎಂದು ಭಾವಿಸಿದರೆ ಮೂವರು ಬರಲು ಎಷ್ಟು ನಿಮಿಷ ಬೇಕು? ಎರಡೂವರೆ. ಇಪ್ಪತ್ತಕ್ಕೆ ಅದನ್ನು ಕೂಡಿಸಿದರೆ 22.5. ಸೂತ್ರದಲ್ಲಿ ಇದಕ್ಕಿಂತ ಹೆಚ್ಚಿನದೇನೂ ಇಲ್ಲ. ಹೀಗೆ ಕಲಿತ ಮಗು 29 ಹಾಕುವುದಿಲ್ಲ, ಏಕೆಂದರೆ ಇನ್ನೂ ಬಾರದವರನ್ನು ಬಂದವರ ಲೆಕ್ಕಕ್ಕೆ ಸೇರಿಸಲಾಗದು ಎಂಬುದು ಅದಕ್ಕೆ ಕಾಣುತ್ತಿರುತ್ತದೆ. “ಒಂದೇ ಸಮನಾಗಿ” ಎಂಬುದು ನಾವು ಮಾಡಿಕೊಂಡ ಊಹೆ ಎಂದು ಅಲ್ಲಿಯೇ ಹೇಳಿಬಿಡಿ. ವರ್ಗಗಳಾಗಿ ವಿಂಗಡಿಸಿದ ಮೇಲೆ ಮಧ್ಯಾಂಕ ಅಂದಾಜು ಬೆಲೆಯಾಗುವುದು ಆ ಊಹೆಯಿಂದಲೇ.

ಓಜೀವ್ ತಪ್ಪಿಗೆ ಗದಗ–ಹುಬ್ಬಳ್ಳಿ ಬಸ್ಸಿನ ಉದಾಹರಣೆ ಕೊಡುತ್ತೇನೆ. ಗದಗಿನಿಂದ ಅಣ್ಣಿಗೇರಿಯವರೆಗೆ ಹತ್ತಿದವರು ಒಟ್ಟು ಎಷ್ಟು ಎಂದು ಕಂಡಕ್ಟರ್ ಅಣ್ಣಿಗೇರಿ ತಲುಪಿದ ಮೇಲೆ ಹೇಳಬಲ್ಲನೇ ಹೊರತು ಅರ್ಧ ದಾರಿಯಲ್ಲಿ ಹೇಳಲಾರ. ಆದ್ದರಿಂದ ಸಂಚಿತ ಆವೃತ್ತಿಯ ಚುಕ್ಕೆ ವರ್ಗದ ಮೇಲ್ಮಿತಿಯ ನೇರಕ್ಕೇ ಬೀಳಬೇಕು.

ಉತ್ತರ 2: ಗದಗ ಜಿಲ್ಲೆಯ ಶಿಕ್ಷಕಿ

ತ್ರೈರಾಶಿಯ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಸರ್, ನಿಮ್ಮ ಪಟ್ಟಿಯಲ್ಲೇ ಒಂದು ತೊಡಕಿದೆ. ಅದರಲ್ಲಿ ಮಧ್ಯಾಂಕದ ವರ್ಗವೂ ಬಹುಲಕದ (ಅತಿ ಹೆಚ್ಚು ಸಲ ಬರುವ ಬೆಲೆಯ) ವರ್ಗವೂ 20–30ರಲ್ಲೇ ಬಿದ್ದಿವೆ. ಅತಿ ಹೆಚ್ಚು ಆವೃತ್ತಿ ಇರುವ ವರ್ಗವೇ ಮಧ್ಯಾಂಕದ ವರ್ಗ ಎಂದು ತಪ್ಪಾಗಿ ತಿಳಿದ ಮಗುವಿಗೂ ಇಲ್ಲಿ ಸರಿ ಉತ್ತರವೇ ಬರುತ್ತದೆ, ತಪ್ಪು ತಿಳುವಳಿಕೆ ಹಾಗೇ ಉಳಿಯುತ್ತದೆ. ಅಭ್ಯಾಸಕ್ಕೆ 11 ಮತ್ತು 12ನ್ನು ಅದಲುಬದಲು ಮಾಡಿ ಕೊಡಿ. ಆಗ ಬಹುಲಕದ ವರ್ಗ 10–20 ಆಗುತ್ತದೆ, ಮಧ್ಯಾಂಕದ ವರ್ಗ 20–30 ಆಗಿಯೇ ಉಳಿದು ಉತ್ತರ ಸುಮಾರು 21.8 ಬರುತ್ತದೆ. ಯಾರು ಎಲ್ಲಿ ಎಡವುತ್ತಿದ್ದಾರೆ ಎಂಬುದು ಆ ಒಂದು ಲೆಕ್ಕದಲ್ಲೇ ತಿಳಿಯುತ್ತದೆ.

ಯಾವಾಗ ಸರಾಸರಿ, ಯಾವಾಗ ಮಧ್ಯಾಂಕ ಎಂಬುದಕ್ಕೆ ನಿಮ್ಮೂರಲ್ಲಿರುವಷ್ಟು ಒಳ್ಳೆಯ ಉದಾಹರಣೆ ನಮಗಿಲ್ಲ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಐದು ಲಾಟ್‌ಗಳಿಗೆ ಕ್ವಿಂಟಾಲಿಗೆ 18, 20, 21, 22 ಮತ್ತು 49 ಸಾವಿರ ರೂಪಾಯಿ ದರ ಬಿತ್ತೆಂದು ಇಟ್ಟುಕೊಳ್ಳಿ. ಸರಾಸರಿ 26 ಸಾವಿರ, ಆದರೆ ಐವರಲ್ಲಿ ನಾಲ್ವರಿಗೆ ಅಷ್ಟು ದರ ಸಿಕ್ಕೇ ಇಲ್ಲ. ಡಬ್ಬಿ ತಳಿಯ ಉತ್ತಮ ಮೆಣಸಿನಕಾಯಿಯ ಒಂದು ಲಾಟ್ ಸರಾಸರಿಯನ್ನು ಮೇಲಕ್ಕೆ ಎಳೆದುಕೊಂಡು ಹೋಗಿದೆ, ಮಧ್ಯಾಂಕ ಮಾತ್ರ 21 ಸಾವಿರದಲ್ಲೇ ನಿಂತಿದೆ. ಎಪಿಎಂಸಿ ದರಪಟ್ಟಿಯಲ್ಲಿ ಕನಿಷ್ಠ, ಗರಿಷ್ಠದ ಜೊತೆಗೆ ಬರುವ “ಮಾದರಿ” ದರವನ್ನೂ ತೋರಿಸಿ, ಅದು ಬಹುಲಕದ ಕಲ್ಪನೆಯೇ. ಆದರೆ ಮನೆಯ ಆದಾಯ, ಹೊಲದ ಎಕರೆ ಇಂಥವನ್ನು ಮಕ್ಕಳಿಂದ ಕೇಳಿ ದತ್ತಾಂಶ ಮಾಡಬೇಡಿ. ನಾನು ಒಮ್ಮೆ ಕೇಳಿ, ಒಂದು ಮಗು ತಲೆ ತಗ್ಗಿಸಿದ್ದನ್ನು ನೋಡಿದ ಮೇಲೆ ಬಿಟ್ಟುಬಿಟ್ಟೆ. ನೀವು ಆರಿಸಿಕೊಂಡ ಪ್ರಯಾಣದ ಸಮಯವೇ ವಾಸಿ.

ನಮ್ಮ ಶಾಲೆಯಲ್ಲಿ ದತ್ತಾಂಶ ಸಂಗ್ರಹವನ್ನು ಜೂನ್ 29ರಂದು, ಅಂದರೆ ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಅವರ ಜನ್ಮದಿನವಾದ ರಾಷ್ಟ್ರೀಯ ಸಂಖ್ಯಾಶಾಸ್ತ್ರ ದಿನದಂದೇ ಮಾಡಿಸಿ, ಅಧ್ಯಾಯ ಬರುವವರೆಗೆ ಹಾಳೆಯನ್ನು ಗೋಡೆಯ ಮೇಲೆ ಬಿಟ್ಟಿರುತ್ತೇವೆ. ಪಕ್ಕದಲ್ಲಿ ಸಿ. ಆರ್. ರಾವ್ ಅವರ ಚಿತ್ರವಿದೆ. ಜಗತ್ತೇ ಬಲ್ಲ ಆ ಸಂಖ್ಯಾಶಾಸ್ತ್ರಜ್ಞ 1920ರಲ್ಲಿ ಹುಟ್ಟಿದ್ದು ಮುಂಡರಗಿಯಿಂದ ಹೊಳೆ ದಾಟಿದರೆ ಸಿಗುವ ಹೂವಿನಹಡಗಲಿಯಲ್ಲಿ ಎಂದರೆ ನಮ್ಮ ಮಕ್ಕಳು ಮೊದಲು ನಂಬುವುದೇ ಇಲ್ಲ.

ಪ್ರಶ್ನೆ ಕೇಳಿದವರು

ಮೇಡಂ, ಅದಲುಬದಲು ಮಾಡಿದ ಪಟ್ಟಿಯನ್ನು ನಿನ್ನೆ ಕೊಟ್ಟು ನೋಡಿದೆ. ಹದಿಮೂರು ಮಂದಿ 10–20ಕ್ಕೆ ಗುರುತು ಹಾಕಿದರು. ಅವರೆಲ್ಲ ಹಿಂದಿನ ಲೆಕ್ಕದಲ್ಲಿ ನನ್ನಿಂದ ಪೂರ್ತಿ ಅಂಕ ಪಡೆದವರೇ! ಇನ್ನೊಂದು ಸಂದೇಹವಿದೆ. ಒಬ್ಬ ಹುಡುಗಿ ಸೂತ್ರ ಬರೆಯದೆ ತ್ರೈರಾಶಿಯಿಂದಲೇ 21.8 ತಂದಿದ್ದಾಳೆ. ಪರೀಕ್ಷೆಯಲ್ಲಿ ಇದಕ್ಕೆ ಅಂಕ ಹೋದರೆ ಏನು ಮಾಡುವುದು?

ಉತ್ತರ 3: ಹುಬ್ಬಳ್ಳಿಯ ನಿವೃತ್ತ ಮುಖ್ಯ ಶಿಕ್ಷಕ

ಮೌಲ್ಯಮಾಪನದಲ್ಲಿ ಅಂಕ ಬೀಳುವುದು ಹಂತಹಂತವಾಗಿ. ಸಂಚಿತ ಆವೃತ್ತಿಯ ಕಂಬಸಾಲು, ಸೂತ್ರ, ಅದರಲ್ಲಿ ಬೆಲೆಗಳನ್ನು ಹಾಕಿದ್ದು, ಉತ್ತರ ಇವು ಬೇರೆಬೇರೆಯಾಗಿ ಕಣ್ಣಿಗೆ ಬೀಳುವಂತೆ ಇರಬೇಕು. ಆದ್ದರಿಂದ ಆ ಹುಡುಗಿ ಉತ್ತರಪತ್ರಿಕೆಯಲ್ಲಿ ಸೂತ್ರವನ್ನೇ ಬರೆಯಲಿ, ತ್ರೈರಾಶಿಯನ್ನು ಪಕ್ಕದ ಕಚ್ಚಾ ಲೆಕ್ಕದಲ್ಲಿ ಮಾಡಿ ಉತ್ತರ ತಾಳೆ ನೋಡಿಕೊಳ್ಳಲಿ. ತಾಳೆ ನೋಡಲು ಮೂರು ಮಧ್ಯಾಂಕ ಸಮ ಬಹುಲಕ ಕೂಡಿಸು ಎರಡು ಸರಾಸರಿ ಎಂಬ ಸಂಬಂಧವನ್ನು ಮಾತ್ರ ಬಳಸಬಾರದು ಎಂದು ಹೇಳಿರಿ. ನಿಮ್ಮ ಮೊದಲ ಪಟ್ಟಿಯಲ್ಲೇ ಸರಾಸರಿ 23, ಬಹುಲಕ 21.67. ಒಂದು ಕಡೆ 67.5, ಇನ್ನೊಂದು ಕಡೆ 67.67 ಬರುತ್ತದೆ. ಅದು ಅನುಭವದಿಂದ ಬಂದ ಅಂದಾಜು ಸಂಬಂಧವೆಂದು ತಿಳಿಯದ ಮಕ್ಕಳು ಸರಿಯಿದ್ದ ಉತ್ತರವನ್ನು ಅಳಿಸಿ ತಪ್ಪು ಬರೆದು ಬಂದದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.