ಸಾಧುವೋ, ಹಠವೋ, ಛಲವೋ? ಗಾಂಧೀಜಿಯ ಗುಣಕ್ಕೆ ಒಂದು ಪದ ಬೇಕಿತ್ತು

ಗೆಳೆಯರೇ, ನಮಸ್ಕಾರ.

ಅಕ್ಟೋಬರ್ 2ಕ್ಕೆ ನಮ್ಮ ಶಾಲೆಯ ಒಬ್ಬ ಹುಡುಗಿಗೆ ಹತ್ತು ನಿಮಿಷದ ಭಾಷಣ ಬರೆದುಕೊಡಬೇಕು. ವಿಷಯ, ದಕ್ಷಿಣ ಆಫ್ರಿಕಾದಲ್ಲಿ ಗಾಂಧೀಜಿ. ನಾನಿರುವುದು ಹಾಸನದಲ್ಲಿ. ಊರು ಆಲೂರಿನ ಹತ್ತಿರ. ಶನಿವಾರ ಊರಿಗೆ ಹೋದವನು ಜಗಲಿಯಲ್ಲಿ ಕೂತು ಬರೆದಿದ್ದನ್ನು ಜೋರಾಗಿ ಓದಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ನಮ್ಮವ್ವ ಮೊರದಲ್ಲಿ ಹುರುಳಿ ಕೇರುತ್ತಿದ್ದರು.

ರೈಲಿನ ಕಥೆ ನಿಮಗೆಲ್ಲ ಗೊತ್ತು. 1893ರ ಜೂನ್ 7ರ ರಾತ್ರಿ. ಕೈಯಲ್ಲಿ ಮೊದಲ ದರ್ಜೆಯ ಟಿಕೆಟ್ ಇದೆ. ಆದರೂ ಹಿಂದಿನ ಡಬ್ಬಿಗೆ ಹೋಗು ಅಂದರು. ಗಾಂಧಿ ಒಪ್ಪಲಿಲ್ಲ. ಬೇಕಾದರೆ ಪೊಲೀಸನನ್ನು ಕರೆಸಿ ಹೊರಗೆ ಹಾಕಿಸಿ, ನಾನಾಗಿ ಇಳಿಯುವುದಿಲ್ಲ ಎಂದರು. ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಕಾನ್‌ಸ್ಟೇಬಲ್ ಬಂದು ಹೊರಗೆ ತಳ್ಳಿದ. ರಾತ್ರಿಯಿಡೀ ವೇಟಿಂಗ್ ರೂಮಿನಲ್ಲಿ ಚಳಿಯಲ್ಲಿ ನಡುಗುತ್ತಾ ಕೂತರು. ಇಷ್ಟನ್ನು ಓದಿ, ಕೊನೆಗೆ ನಾನು ಬರೆದಿದ್ದ ವಾಕ್ಯವನ್ನೂ ಓದಿದೆ: "ಹೀಗೆ ಗಾಂಧೀಜಿಯವರು ಬಹಳ ಸಾಧು ಸ್ವಭಾವದವರಾಗಿದ್ದರು."

ಅವ್ವ ಮೊರ ಕೆಳಗಿಟ್ಟರು. "ಸಾಧುವಂತೆ ಸಾಧು. ಸಾಧುವಾಗಿದ್ರೆ ಅವ್ರು ಹೇಳಿದ ತಕ್ಷಣ ಎದ್ದೋಗಿ ಹಿಂದ್ಗಡೆ ಡಬ್ಬೀಲಿ ಕೂತ್ಕತಿದ್ದ, ಅಲ್ವಾ?"

ಹೌದಲ್ಲ ಅನ್ನಿಸಿತು. ನಮ್ಮ ಕಡೆ ಸಾಧು ಎಂದರೆ ಹಾಯದ ದನ, ಒದೆಯದ ಹಸು. ದನದ ಜಾತ್ರೆಯಲ್ಲಿ ಮಾರುವವನು ಹೇಳುವ ಮಾತದು: "ಮಗು ಬೇಕಾದ್ರೂ ಕಟ್ಬೋದು, ಅಷ್ಟು ಸಾಧು." ಮನುಷ್ಯನಿಗೆ ಅಂದರೂ ಅದೇ ಅರ್ಥ. ಯಾರು ಏನಂದರೂ ಸುಮ್ನಿರುವವನು. ರೈಲಿನಿಂದ ತಳ್ಳಿಸಿಕೊಂಡ ಆ 23 ವರ್ಷದ ಹುಡುಗ ಸುಮ್ನಿರಲಿಲ್ಲ. ಬೆಳಗಾದ ಮೇಲೆ ರೈಲ್ವೆಯ ಜನರಲ್ ಮ್ಯಾನೇಜರ್‌ಗೆ ಉದ್ದನೆಯ ತಂತಿ ಕಳಿಸಿದರು. ಅವತ್ತು ಸಂಜೆ ತನಗೆ ಕಾದಿರಿಸಿದ ಜಾಗದಲ್ಲೇ ಕೂತು ಮುಂದಕ್ಕೆ ಹೋದರು. ಎಷ್ಟೋ ವರ್ಷದಿಂದ ನಾವು ಮೇಷ್ಟ್ರುಗಳು ಯೋಚನೆ ಮಾಡದೆ ಮಕ್ಕಳಿಂದ ಸಾಧು, ಶಾಂತ ಅಂತ ಬರೆಸುತ್ತಿದ್ದೇವೆ. ನಾನೂ ಸೇರಿ.

"ಹಂಗಾದ್ರೆ ಹಠಮಾರಿ ಅಂತ ಬರೀಲಾ?" ಅಂದೆ.

"ಹಠ ಅಂದ್ರೆ ನೀನು ಸಣ್ಣೋನಿದ್ದಾಗ ಜಾತ್ರೇಲಿ ನೆಲಕ್ಕೆ ಬಿದ್ದು ಒದ್ದಾಡ್ತಿದ್ಯಲ್ಲ, ಅದು. ಅವಂದು ಛಲ."

(ಅವ್ವನಿಗೆ ಗಾಂಧಿ 'ಅವನು'. ದೇವರನ್ನೂ ಹಾಗೇ ಕರೆಯುತ್ತಾರೆ. ತಪ್ಪು ತಿಳಿಯಬೇಡಿ.)

ಇಲ್ಲಿಂದ ನನ್ನ ತಲೆಕೆಡಲು ಶುರುವಾಯಿತು. ಛಲ ಒಳ್ಳೆಯ ಪದ, ನನಗೂ ಇಷ್ಟ. ಆದರೆ ಇದರ ಬೆನ್ನ ಹಿಂದೆ ಒಂದು ದೊಡ್ಡ ಮೆರವಣಿಗೆಯೇ ಇದೆ. ಸಂಸ್ಕೃತದಲ್ಲಿ ಛಲ ಎಂದರೆ ಕಪಟ. ಹಿಂದಿಯಲ್ಲಿ ಇವತ್ತಿಗೂ ಮೋಸ. 'ಗಾಂಧೀಜಿ ಛಲವಾದಿ' ಎಂದು ಹಿಂದಿಯವರ ಮುಂದೆ ಹೇಳಿದರೆ ಜಗಳವೇ ಆದೀತು. ಕನ್ನಡದಲ್ಲಿ ಮಾತ್ರ ಅದು ಹಿಡಿದದ್ದನ್ನು ಬಿಡದ ಗುಣ. ಅದೂ ನಿನ್ನೆ ಮೊನ್ನೆಯ ಅರ್ಥವಲ್ಲ, ಸಾವಿರ ವರ್ಷಕ್ಕೂ ಹಳೆಯದು. ಪಂಪ ತನ್ನ ಭಾರತದ ಕೊನೆಯಲ್ಲಿ ಯಾವ ಗುಣಕ್ಕೆ ಯಾರು ಎಂದು ಹೆಸರು ಹೇಳುತ್ತಾ ಬರುತ್ತಾನೆ. ಅಲ್ಲಿ ಚಲಕ್ಕೆ ದುರ್ಯೋಧನ. ನನ್ನಿಗೆ, ಅಂದರೆ ಸತ್ಯಕ್ಕೆ, ಕರ್ಣ. ಎರಡು ಗುಣ, ಇಬ್ಬರು ಮನುಷ್ಯರು. ಛಲ ಒಬ್ಬನ ಕೈಯಲ್ಲಿದೆ, ಸತ್ಯ ಇನ್ನೊಬ್ಬನ ಕೈಯಲ್ಲಿದೆ. ಎರಡೂ ಒಬ್ಬನಲ್ಲೇ ಇದ್ದರೆ? ನನಗಂತೂ 'ನನ್ನಿಯ ಛಲ' ಎಂದು ಬರೆಯುವ ಆಸೆ ಬಂತು. ಆದರೆ ಎಂಟನೇ ಕ್ಲಾಸಿನ ಹುಡುಗಿ ವೇದಿಕೆ ಮೇಲೆ ನನ್ನಿ ಅಂದರೆ ಮುಂದೆ ಕೂತವರು 'ನನ್ನ' ಅಂದುಕೊಳ್ಳುತ್ತಾರೆ.

ದುರ್ಯೋಧನನ ಛಲಕ್ಕೂ ಗಾಂಧಿಯ ಛಲಕ್ಕೂ ಎಲ್ಲಿ ವ್ಯತ್ಯಾಸ ಎಂದು ಯೋಚಿಸುವಾಗ ಬಸವಣ್ಣನವರ ಒಂದು ವಚನ ನೆನಪಾಯಿತು. ಶರಣನಿಗೆ ಛಲ ಬೇಕು ಎನ್ನುವ ವಚನ. ಎಂಥ ಛಲ? ಪರರ ಧನ ಒಲ್ಲೆ, ಪರರ ಸತಿ ಒಲ್ಲೆ, ಪರದೈವ ಒಲ್ಲೆ ಎನ್ನುವ ಛಲ. ಗಮನಿಸಿ, ಪಡೆದೇ ತೀರುತ್ತೇನೆ ಎನ್ನುವ ಛಲ ಅಲ್ಲ ಅದು. ಒಲ್ಲೆ ಎನ್ನುವ ಛಲ. ಕೌರವನದು ಕೊಡಲೊಲ್ಲೆ ಎನ್ನುವುದು, ಅದರಲ್ಲೂ ಒಲ್ಲೆ ಇದೆ ಅಂತ ನೀವು ವಾದ ಹೂಡಬಹುದು. ಆದರೆ ಅವನು ಇನ್ನೊಬ್ಬರ ಪಾಲನ್ನು ಕೊಡಲೊಲ್ಲೆ ಅಂದ. ಶರಣ ಇನ್ನೊಬ್ಬರದ್ದನ್ನು ಮುಟ್ಟಲೊಲ್ಲೆ ಎನ್ನುತ್ತಾನೆ.

ಈ ಒಲ್ಲೆಯನ್ನು ಕೈಯಲ್ಲಿ ಹಿಡಿದು ಗಾಂಧಿಯ ಕಥೆ ಓದಿದರೆ ಎಲ್ಲಾ ಕಡೆ ಅದೇ ಕಾಣುತ್ತದೆ. ಡರ್ಬನ್ನಿನ ಕೋರ್ಟಿನಲ್ಲಿ ಪೇಟ ತೆಗೆ ಅಂದಾಗ ತೆಗೆಯಲಿಲ್ಲ, ಎದ್ದು ಹೊರಗೆ ನಡೆದರು. 1906ರಲ್ಲಿ ಟ್ರಾನ್ಸ್‌ವಾಲ್ ಸರ್ಕಾರ ಒಂದು ಕಾನೂನು ತರಲು ಹೊರಟಿತು. ಎಂಟು ವರ್ಷ ದಾಟಿದ ಪ್ರತಿ ಭಾರತೀಯನೂ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕು, ಕೇಳಿದಾಗ ಚೀಟಿ ತೋರಿಸಬೇಕು. ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗ್‌ನ ಎಂಪೈರ್ ಥಿಯೇಟರ್‌ನಲ್ಲಿ ಸೇರಿದ ಜನ, ಕಾನೂನು ಬಂದರೂ ಪಾಲಿಸುವುದಿಲ್ಲ, ಏನು ಶಿಕ್ಷೆ ಬರುತ್ತೋ ಬರಲಿ ಎಂದು ಆಣೆ ಮಾಡಿದರು. ಎರಡು ವರ್ಷದ ಮೇಲೆ, 1908ರ ಆಗಸ್ಟ್ 16ರಂದು, ಹಮೀದಿಯಾ ಮಸೀದಿಯ ಮುಂದೆ ಕೊಪ್ಪರಿಗೆಯಲ್ಲಿ ಚೀಟಿಗಳನ್ನು ಹಾಕಿ ಸುಟ್ಟರು. ಒಲ್ಲೆ ಎನ್ನುವುದಕ್ಕೆ ಇದಕ್ಕಿಂತ ಜೋರಾದ ದನಿ ಬೇಕೇ?

ಈ ಹೋರಾಟಕ್ಕೆ ಹೆಸರು ಹುಡುಕಿದ್ದೂ ಒಂದು ಪದಚರ್ಚೆಯೇ. ಇಂಗ್ಲಿಷಿನ ಪ್ಯಾಸಿವ್ ರೆಸಿಸ್ಟೆನ್ಸ್ ಗಾಂಧಿಗೆ ಸರಿಬರಲಿಲ್ಲ. ಅದು ಕೈಲಾಗದವರ ಆಯುಧ ಎಂಬಂತೆ ಕೇಳುತ್ತದೆ ಅನ್ನುವುದು ಅವರ ತಕರಾರು. ನಮ್ಮವ್ವನ ತಕರಾರೂ ಅದೇ ನೋಡಿ. ತಮ್ಮ ಪತ್ರಿಕೆ 'ಇಂಡಿಯನ್ ಒಪಿನಿಯನ್'ನಲ್ಲಿ, ಒಳ್ಳೆಯ ಹೆಸರು ಸೂಚಿಸಿದವರಿಗೆ ಬಹುಮಾನ ಎಂದು ಪ್ರಕಟಿಸಿದರು. ಮಗನ್‌ಲಾಲ್ ಗಾಂಧಿ 'ಸದಾಗ್ರಹ' ಎಂದು ಬರೆದು ಕಳಿಸಿದರು. ಅದನ್ನೇ ಗಾಂಧೀಜಿ ತಿದ್ದಿ 'ಸತ್ಯಾಗ್ರಹ' ಮಾಡಿದರು.

ಗುಜರಾತಿಯಲ್ಲಿ ಆಗ್ರಹ ಎಂದರೆ ಪಟ್ಟು ಬಿಡದಿರುವುದು. ಕನ್ನಡದಲ್ಲಿ? ನಮ್ಮ ಜಿಲ್ಲಾ ಪುಟ ತೆಗೆದರೆ ದಿನವೂ ಒಂದು ಆಗ್ರಹ ಇರುತ್ತದೆ. 'ಕಾಡಾನೆ ಹಾವಳಿ ತಡೆಗೆ ಆಗ್ರಹ', 'ಬೆಳೆ ಪರಿಹಾರಕ್ಕೆ ಆಗ್ರಹ'. ಅಂದರೆ ಒತ್ತಾಯ. ಹಳೆಯ ಕನ್ನಡದಲ್ಲಿ ಆಗ್ರಹಕ್ಕೆ ಕೋಪ ಎಂಬ ಅರ್ಥವೂ ಉಂಟು. ಪಕ್ಕದ ತೆಲುಗಿನಲ್ಲಿ ಇಂದಿಗೂ ಅದು ಸಿಟ್ಟೇ. ಹಾಗಾದರೆ ಮೊದಲ ಸಲ ಸತ್ಯಾಗ್ರಹ ಎಂಬ ಪದ ಕಿವಿಗೆ ಬಿದ್ದಾಗ ನಮ್ಮ ಹಿರಿಯರಿಗೆ ಏನು ಕೇಳಿಸಿರಬಹುದು? ಸತ್ಯದ ಒತ್ತಾಯವೋ, ಸತ್ಯದ ಸಿಟ್ಟೋ? ನನಗೇನೋ ಎರಡನೆಯದೂ ತಪ್ಪು ಅನ್ನಿಸುವುದಿಲ್ಲ. ಈಗಂತೂ ಪದ ಬಹಳ ಸವೆದಿದೆ. ಮೊಮ್ಮಗ ಊಟ ಬಿಟ್ಟು ಮೂಲೆಯಲ್ಲಿ ಕೂತರೆ ಅವ್ವ "ಸತ್ಯಾಗ್ರಹ ಮಾಡ್ತಾವ್ನೆ" ಅನ್ನುತ್ತಾರೆ.

ಪಟ್ಟು ಅಂದೆನಲ್ಲ, ಅದನ್ನೂ ತೂಗಿ ನೋಡಿದೆ. ಆಗ್ರಹದ ಗ್ರಹ ಎಂದರೂ ಹಿಡಿಯುವುದು, ಪಟ್ಟು ಎಂದರೂ ಹಿಡಿತ. ಅಷ್ಟರ ಮಟ್ಟಿಗೆ 'ಪಟ್ಟು ಹಿಡಿದರು' ಎಂಬುದು ತೀರಾ ಹತ್ತಿರದ ಕನ್ನಡ. ಆದರೆ ಪಟ್ಟು ಗರಡಿಮನೆಯಿಂದ ಬಂದದ್ದು. ಅಲ್ಲಿ ಎದುರಾಳಿಯನ್ನು ಕೆಡವುವುದಕ್ಕೇ ಪಟ್ಟು. 1922ರ ಫೆಬ್ರವರಿಯಲ್ಲಿ ಚೌರಿಚೌರಾದಲ್ಲಿ ಜನ ಪೊಲೀಸ್ ಠಾಣೆಗೆ ಬೆಂಕಿ ಹಚ್ಚಿ ಪೊಲೀಸರನ್ನು ಕೊಂದಾಗ, ಭರದಲ್ಲಿದ್ದ ಅಸಹಕಾರ ಚಳವಳಿಯನ್ನೇ ಗಾಂಧಿ ನಿಲ್ಲಿಸಿಬಿಟ್ಟರು. ಜೊತೆಗಿದ್ದ ದೊಡ್ಡ ನಾಯಕರಿಗೇ ಇದು ಹಿಡಿಸಲಿಲ್ಲ. ಗೆಲ್ಲುವ ಪೈಲ್ವಾನ ಹಾಗೆ ಪಟ್ಟು ಸಡಿಲಿಸುತ್ತಾನೆಯೇ? ಹಠಮಾರಿಯಂತೂ ಖಂಡಿತ ಬಿಡುವುದಿಲ್ಲ.

ನನಗೆ ನಿಜವಾಗಿ ಪದ ಸಿಗದೇ ಇರುವುದು ಇನ್ನೊಂದು ಗುಣಕ್ಕೆ. 1897ರ ಜನವರಿ 13ರಂದು ಡರ್ಬನ್ನಿನಲ್ಲಿ ಹಡಗಿನಿಂದ ಇಳಿದ ಗಾಂಧಿಯ ಮೇಲೆ ಬಿಳಿಯರ ಗುಂಪು ಬಿತ್ತು. ಕಲ್ಲು, ಕೊಳೆತ ಮೊಟ್ಟೆ, ಒದೆ. ಪೊಲೀಸ್ ಸೂಪರಿಂಟೆಂಡೆಂಟ್ ಅಲೆಕ್ಸಾಂಡರ್ ಅವರ ಹೆಂಡತಿ ಅಕಸ್ಮಾತ್ ಅದೇ ದಾರಿಯಲ್ಲಿ ಬಂದು, ಕೊಡೆ ಬಿಚ್ಚಿ ಅಡ್ಡ ನಿಂತರು. ಜೀವ ಉಳಿಯಿತು. ಆಮೇಲೆ ಲಂಡನ್ನಿನಿಂದ ಮಂತ್ರಿ ಚೇಂಬರ್ಲೇನ್, ಹೊಡೆದವರ ಮೇಲೆ ಕೇಸು ಹಾಕಿ ಎಂದು ತಂತಿ ಕೊಟ್ಟರು. ಗಾಂಧಿ ಮಾತ್ರ ದೂರು ಕೊಡಲಿಲ್ಲ. ಇನ್ನೂ ಒಂದಿದೆ. ತಮ್ಮನ್ನು ಜೈಲಿಗೆ ಹಾಕಿಸಿದ ಜನರಲ್ ಸ್ಮಟ್ಸ್‌ಗೆ ತಾವೇ ಹೊಲಿದ ಚಪ್ಪಲಿ ಕೊಟ್ಟು 1914ರಲ್ಲಿ ಅಲ್ಲಿಂದ ಹೊರಟರು.

ಇದಕ್ಕೆ ಏನೆನ್ನುವುದು? ಕ್ಷಮೆ ಅಂದರೆ ಮೇಲೆ ಕೂತು ದಯಪಾಲಿಸಿದಂತೆ ಇರುತ್ತದೆ. ಸಹನೆ ಅಂದರೆ ಮತ್ತೆ ಸಾಧುವಿನ ಹಟ್ಟಿಗೇ ಬಂದೆವು. ತಾಳ್ಮೆ ಸ್ವಲ್ಪ ಹತ್ತಿರ. ಆದರೆ 'ತಾಳಿದವನು ಬಾಳಿಯಾನು' ಎಂಬುದನ್ನು ನಮ್ಮ ಮನೆಗಳಲ್ಲಿ ಸೊಸೆಯಂದಿರ ಬಾಯಿ ಮುಚ್ಚಿಸಲು ಎಷ್ಟು ಬಳಸಿದ್ದಾರೆಂದರೆ, ಆ ಪದವನ್ನು ಇಲ್ಲಿ ತರಲು ನನಗೇ ಸಂಕೋಚ. ಅವ್ವ ಹೇಳಿದ್ದು, "ಅದ ಹೊಟ್ಟೆಗೆ ಹಾಕ್ಕೊಂಡ." ಸರಿ ಅನ್ನಿಸಿತು. ಕಲ್ಲೇಟನ್ನು ಹೊಟ್ಟೆಗೆ ಹಾಕಿಕೊಂಡರು. ಆದರೆ ಕಾನೂನನ್ನು ಹಾಕಿಕೊಳ್ಳಲಿಲ್ಲವಲ್ಲ! ತನ್ನ ಮೇಲಿನ ಏಟಿಗೆ ಹಗೆ ಇಲ್ಲ, ಜನರ ಮೇಲಿನ ಏಟಿಗೆ ರಾಜಿ ಇಲ್ಲ. ಎರಡನ್ನೂ ಒಟ್ಟಿಗೆ ಹೇಳುವ ಒಂದೇ ಪದ ನಮ್ಮಲ್ಲಿದೆಯೇ? ನಿಮ್ಮ ಕಡೆಯ ಆಡುಮಾತಿನಲ್ಲಿದ್ದರೂ ಸರಿ, ಬರೆಯಿರಿ.

ಕೊನೆಯದಾಗಿ ಒಂದು ಸಣ್ಣ ತೊಡಕು. ಅಲ್ಲಿನ ಬಿಳಿಯರು ಭಾರತೀಯರನ್ನು 'ಕೂಲಿ', 'ಸಾಮಿ' ಎಂದು ಹೀಯಾಳಿಸುತ್ತಿದ್ದರು. ಗಾಂಧಿ 'ಕೂಲಿ ಬ್ಯಾರಿಸ್ಟರ್'. ಇದನ್ನು ಹಾಗೇ ಬರೆದರೆ ನಮ್ಮ ಮಕ್ಕಳಿಗೆ ಬೈಗುಳ ಅಂತ ಅನ್ನಿಸುವುದೇ ಇಲ್ಲ. ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ಕೂಲಿ ಎಂದರೆ ದಿನದ ದುಡಿಮೆಯ ದುಡ್ಡು. "ಈ ವರ್ಷ ಕೂಲಿ ಎಷ್ಟು?" ಅನ್ನುತ್ತಾರೆ, ಅಷ್ಟೇ. ಸಾಮಿ ಅಂತೂ ಮರ್ಯಾದೆಯ ಮಾತು. ಬಸ್ಸಿನಲ್ಲಿ "ಸ್ವಲ್ಪ ಸರೀರಿ ಸಾಮಿ" ಅನ್ನುವುದಿಲ್ಲವೇ? ತಮಿಳರ ಹೆಸರಿನ ಕೊನೆಯ ಸ್ವಾಮಿಯೇ ಅಲ್ಲಿ ಬೈಗುಳವಾಯಿತು. ಗಾಂಧಿ ಈ ಬಗ್ಗೆ ಒಂದು ತಮಾಷೆ ಬರೆದಿದ್ದಾರೆ. ಕೆಲವು ಭಾರತೀಯರು ಬಿಳಿಯನಿಗೆ ತಿರುಗಿಸಿ ಹೇಳುತ್ತಿದ್ದರಂತೆ, ಸ್ವಾಮಿ ಎಂದರೆ ಯಜಮಾನ, ನಾನು ನಿನ್ನ ಯಜಮಾನನಲ್ಲಪ್ಪ ಅಂತ. ಈ ಜಾಗದಲ್ಲಿ ಕೂಲಿ ಬದಲು 'ಆಳು' ಎಂದು ಹಾಕಲೇ? 'ಆಳು ಲಾಯರು' ಅಂದರೆ ಕುಟುಕುತ್ತದೆ, ಆದರೆ ಚರಿತ್ರೆಯ ಪದ ಕಳೆದುಹೋಗುತ್ತದೆ. ಅನುವಾದ ಮಾಡಿ ಪಳಗಿದವರು ಹೇಳಿ.

ಆಗ್ರಹವನ್ನು ಕೋಪ ಎಂಬ ಅರ್ಥದಲ್ಲಿ ಈಗಲೂ ಮಾತಿನಲ್ಲಿ ಬಳಸುವ ಸೀಮೆ ಯಾವುದಾದರೂ ಇದ್ದರೆ ಅದನ್ನೂ ತಿಳಿಸಿ. ಯಕ್ಷಗಾನದ ಕಡೆಯವರು ಹೇಳಬಹುದೇನೋ.

ಭಾಷಣದಲ್ಲಿ ಸದ್ಯಕ್ಕೆ 'ಸಾಧು ಸ್ವಭಾವ' ಹೊಡೆದು ಹಾಕಿ 'ಒಲ್ಲೆ ಎನ್ನುವ ಛಲ' ಎಂದು ಬರೆದಿದ್ದೇನೆ. ಅದರ ಮುಂದೆ ಒಂದು ಪದದಷ್ಟು ಜಾಗ ಖಾಲಿ ಬಿಟ್ಟಿದ್ದೇನೆ. ಹುಡುಗಿ ಬಾಯಿಪಾಠ ಮಾಡಬೇಕು, ಬುಧವಾರದೊಳಗೆ ಯಾರಾದರೂ ಉತ್ತರಿಸಿದರೆ ಉಪಕಾರ.