ಸಹಾಯ ಬೇಕು: ಹಿಸ್ಟ್ ಟ್ರಿಗರ್ ಟೇಬಲ್ ತುಂಬಿ ಈವೆಂಟ್‌ಗಳು ಲೆಕ್ಕ ತಪ್ಪುತ್ತಿವೆ

ನಮಸ್ಕಾರ. 64 ಕೋರ್‌ನ ಬಿಲ್ಡ್ ಸರ್ವರ್, ಲಿನಕ್ಸ್ 6.1. ಯಾವ ಪ್ರೋಸೆಸ್‌ಗಾಗಿ ಕರ್ನಲ್‌ನ ಯಾವ ಜಾಗ ಎಷ್ಟು ಮೆಮೊರಿ ಕೇಳುತ್ತದೆ ಅಂತ ಕರ್ನಲ್ ಒಳಗೇ ಕೂಡಿಸಬೇಕು. ಕರ್ನಲ್‌ನ ಟ್ರೇಸಿಂಗ್ ಸಾಧನ ಎಫ್‌ಟ್ರೇಸ್‌ನಲ್ಲಿ ಕೆಮ್ಯಾಲಾಕ್ (ಕರ್ನಲ್ ಮೆಮೊರಿ ಹಂಚಿಕೆ) ಈವೆಂಟ್‌ಗೆ ಹಿಸ್ಟ್ ಟ್ರಿಗರ್, ಅಂದರೆ ಈವೆಂಟ್‌ಗಳನ್ನು ಕೀ ಪ್ರಕಾರ ಟೇಬಲ್‌ನಲ್ಲಿ ಕೂಡಿಸುವ ಸೌಲಭ್ಯ, ಹಾಕಿದೆ: ಕೀ ಪಿಐಡಿ (ಪ್ರೋಸೆಸ್ ಸಂಖ್ಯೆ) ಮತ್ತು ಕಾಲ್ ಸೈಟ್ (ಮೆಮೊರಿ ಕೇಳಿದ ಕೋಡ್‌ನ ಜಾಗ), ವ್ಯಾಲ್ಯೂ ಕೇಳಿದ ಬೈಟ್‌ಗಳು.

ಡೀಫಾಲ್ಟ್ ಟೇಬಲ್‌ಗೆ 2048 ಎಂಟ್ರಿ. ಕಂಪೈಲರ್ ಪ್ರೋಸೆಸ್‌ಗಳು ಕ್ಷಣಕ್ಕೊಂದು ಹುಟ್ಟಿ ಸಾಯುತ್ತವೆ, ಸತ್ತ ಪಿಐಡಿಯ ಎಂಟ್ರಿ ಮಾತ್ರ ಅಲ್ಲೇ ಕೂತಿರುತ್ತದೆ. ತುಂಬಿದ ಮೇಲೆ ಹಳೇ ಕೀಗಳ ಮೊತ್ತವಷ್ಟೇ ಏರುತ್ತದೆ. ಹೊಸ ಕೀಗಳೆಲ್ಲ ಔಟ್‌ಪುಟ್‌ನ ಕೊನೆಯ 'ಡ್ರಾಪ್ಡ್' ಸಾಲಿಗೆ. ಸೈಜ್ ಗರಿಷ್ಠ 131072ಕ್ಕೆ ಏರಿಸಿದರೆ ತುಂಬುವುದು ತಡವಾಗುತ್ತದೆ, ಅಷ್ಟೆ. ಪಿಐಡಿಗೆ ಎಕ್ಸೆಕ್‌ನೇಮ್ ಸೇರಿಸಿದರೆ ಹೆಸರು ಕಾಣುತ್ತದೆ, ಗುಂಪಾಗುವುದು ಪಿಐಡಿ ಪ್ರಕಾರವೇ. ಟ್ರಿಗರ್ ತಡೆದು (ಪಾಝ್), ಓದಿ, ಕ್ಲಿಯರ್ ಮಾಡಿ, ಕಂಟಿನ್ಯೂ ಕೊಟ್ಟರೆ ನಡುವಿನ ಈವೆಂಟ್‌ಗಳು ಕೈತಪ್ಪುತ್ತವೆ.

ಹಾಗಾಗಿ ಇಬಿಪಿಎಫ್ (ಕರ್ನಲ್ ಒಳಗೆ ನಮ್ಮದೇ ಸಣ್ಣ ಪ್ರೋಗ್ರಾಂ ಓಡಿಸುವ ವ್ಯವಸ್ಥೆ) ಕಡೆ ನೋಡುತ್ತಿದ್ದೇನೆ. ಎಲ್‌ಆರ್‌ಯು ಹ್ಯಾಶ್ (ತುಂಬಿದಾಗ ಬಹುಕಾಲ ಬಳಸದ ಎಂಟ್ರಿ ತೆಗೆಯುವ ಟೇಬಲ್) ಬೇಡ, ಅದು ಸದ್ದಿಲ್ಲದೆ ಎಂಟ್ರಿ ಹೊರದೂಡಿ ಮೊತ್ತ ಕೆಡಿಸುತ್ತದೆ. ಎರಡು ಪರ್-ಸಿಪಿಯು ಹ್ಯಾಶ್ ಮ್ಯಾಪ್ (ಪ್ರತಿ ಕೋರ್‌ಗೂ ಬೇರೆ ವ್ಯಾಲ್ಯೂ ಇಡುವ ಟೇಬಲ್) ಇಟ್ಟು, ಅರೇ-ಆಫ್-ಮ್ಯಾಪ್ಸ್ (ಮ್ಯಾಪ್‌ಗಳನ್ನೇ ಇಡುವ ಪಟ್ಟಿ) ಮೂಲಕ 10 ಸೆಕೆಂಡಿಗೊಮ್ಮೆ ಅದಲುಬದಲು ಮಾಡಿ, ಬಿಡುವಾದದ್ದನ್ನು ಓದಿ ಖಾಲಿ ಮಾಡುವ ಯೋಚನೆ. ಪ್ರೋಬ್ (ಈವೆಂಟ್‌ನಲ್ಲಿ ಓಡುವ ಇಬಿಪಿಎಫ್ ಪ್ರೋಗ್ರಾಂ) ಕೂರುವುದೇ ಮೆಮೊರಿ ಹಂಚುವ ದಾರಿಯಲ್ಲಿ, ಆದ್ದರಿಂದ ಮ್ಯಾಪ್ ಪ್ರೀಅಲೊಕೇಟ್ ಆಗಿರಲಿ (ಮೆಮೊರಿ ಮೊದಲೇ ತೆಗೆದಿಟ್ಟಿರಲಿ) ಅಂತ ನನ್ನ ಆಯ್ಕೆ. 131072 ಕೀ, 8 ಬೈಟ್ ವ್ಯಾಲ್ಯೂ, 64 ಕೋರ್ ಅಂದರೆ ವ್ಯಾಲ್ಯೂಗಳಿಗೇ ಮ್ಯಾಪ್‌ಗೆ 64 ಎಂಬಿ!

ಅದಲುಬದಲಿನ ಸಿಸ್ಟಂ ಕಾಲ್ ಮರಳಿದ ಕೂಡಲೇ ಹಳೇ ಮ್ಯಾಪ್ ಓದಬಹುದೇ, ಅಥವಾ ಇನ್ನೂ ಓಡುತ್ತಿರುವ ಪ್ರೋಬ್‌ಗಳಿಗೆ ಕಾಯಬೇಕೇ? ಬ್ಯಾಚ್ ಲುಕಪ್-ಅಂಡ್-ಡಿಲೀಟ್ (ಒಂದೇ ಕರೆಗೆ ಹಲವು ಎಂಟ್ರಿ ಓದಿ ಅಳಿಸುವುದು) ಇಷ್ಟು ಕೋರ್‌ಗಳಲ್ಲಿ ಬಳಸಿದವರು ಬ್ಯಾಚ್ ಸೈಜ್ ಎಷ್ಟಿಟ್ಟಿದ್ದೀರಿ, ದಯವಿಟ್ಟು ತಿಳಿಸಿ.