ಆಂಪ್ಲಿಫೈಯರ್ ಒಂದ, ಹಚ್ಚೋ ಡಬ್ಬಿ ಆರು

ಬ್ರಹ್ಮಪುರದವ, ಕಲಬುರಗಿ:
ನಮಸ್ಕಾರ್ರಿ. ಮುತ್ಯಾನ ಕಾಲದ ಸ್ಟೀರಿಯೋ ಆಂಪ್ಲಿಫೈಯರ್ ರಿಪೇರಿ ಆಗಿ ಬಂದದ. ಹಿಂದ ವೈರ್ ಹಚ್ಚೋ ತೂತು ಫೋನೋ, ಟ್ಯೂನರ್, ಆಕ್ಸ್ (ಬ್ಯಾರೆ ಯಾವ್ದರ ಹಚ್ಚಲಾಕ), ಟೇಪ್ ಅಷ್ಟೇ ಅವ. ನಂಬಲ್ಲಿ ರೆಕಾರ್ಡ್ ಪ್ಲೇಯರ್, ಕ್ಯಾಸೆಟ್ ಡೆಕ್ಕು, ಸಿ.ಡಿ., ಟಿವಿ, ಮಗಳ ಮೊಬೈಲಿಗೆ ಬ್ಲೂಟೂತ್ ಡಬ್ಬಿ, ಮುಂಜಾನಿ ಅಪ್ಪಾರು ಆಕಾಶವಾಣಿ ಕೇಳಲಾಕ ಟ್ಯೂನರ್. ಹಿಂದ ಕೈ ಹಾಕಿ ಪಿನ್ ಕಿತ್ತಿ ಹಚ್ಚೋದು ಸಾಕಾಗ್ಯದ. ಸೂಪರ್ ಮಾರ್ಕೆಟ್ ಕಡೆ ಒಬ್ಬ ಅಂಗಡಿಯವ, ವೈ ಪಿನ್ ಹಾಕಿ ಎರಡೆರಡು ಕೂಡಿಸಿಬಿಡ್ರಿ ಅಂತಾನ. ಆಗ್ತದೇನ್ರಿ? ಮತ್ತ ಟಿವಿ ಹಚ್ಚಿದ ಕೂಡ್ಲೆ ಗುಂಯ್ ಅಂತದ.

ಜೇವರ್ಗಿ ರೋಡ್ ರೇಡಿಯೋ:
ವೈ ಪಿನ್ ಬ್ಯಾಡ್ರಿ ಅಣ್ಣಾ. ಅದು ಒಂದ್ರಿಂದ ಎರಡಕ್ಕ ಹಂಚಲಾಕ ಅದ. ಎರಡು ಔಟ್‌ಪುಟ್ ಎದುರಾಬದುರು ಕೂಡಿಸಿದ್ರ ಒಂದನ್ನೊಂದು ಜಗ್ತಾವ, ದನಿ ಸಣ್ಣದಾಗ್ತದ, ಒಡೀತದ.

ಫೋನೋಕ್ಕ ರೆಕಾರ್ಡ್ ಪ್ಲೇಯರ್ ಬಿಟ್ಟು ಏನೂ ಹಚ್ಚಬ್ಯಾಡ್ರಿ. ಮುಳ್ಳು ಕುಂದ್ರೋ ಮ್ಯಾಗ್ನೆಟ್ ಕಾರ್ಟ್ರಿಡ್ಜಿನಿಂದ ಬರೋದು ಸುಮಾರು 5 ಮಿಲಿವೋಲ್ಟ್, ಸಿ.ಡಿ.ಯಿಂದ 2 ವೋಲ್ಟ್. ರೆಕಾರ್ಡ್ ಕೊರಿವಾಗ ತಗ್ಗಿಸಿದ ಬಾಸನ್ನ, ಅಂದ್ರ ದಪ್ಪ ದನೀನ, ಫೋನೋ ಸರ್ಕ್ಯೂಟ್ ಮತ್ತ ಎತ್ತತದ. ಅಲ್ಲಿ ಸಿ.ಡಿ. ಹಚ್ಚಿದ್ರ ಬರೇ ಗೊರಗೊರ. ಖರೆ, ನಿಮ್ದು ಹಳೇ ಪೆಟ್ಟಿಗಿ ಪ್ಲೇಯರ್ ಆಗಿ ಸಿರಾಮಿಕ್ ಕಾರ್ಟ್ರಿಡ್ಜ್ ಇದ್ರ ಅದು ಆಕ್ಸಿಗೇ ಹೋಗಬೇಕು. ಮೊದಲು ನೋಡ್ಕೊಳ್ರಿ.

ಕ್ಯಾಸೆಟ್ ಡೆಕ್ಕು ಟೇಪಿಗೆ. ಟೇಪ್ ಅಷ್ಟೇ ಕೇಳಸೋ ಟೇಪ್ ಮಾನಿಟರ್ ಗುಂಡಿ ಒತ್ತಿದ್ರ ಬಾಕಿ ಎಲ್ಲಾ ಮೂಕ ಆಗ್ತಾವ, ಆಂಪ್ಲಿಫೈಯರ್ ಕೆಟ್ಟದ ಅಂತ ಹೊತ್ಕೊಂಡು ಹೋದವರನ್ನ ನೋಡೀನಿ. ಸಿ.ಡಿ., ಟಿವಿ, ಬ್ಲೂಟೂತ್ ಮೂರಕ್ಕ ಒಂದು ಸೆಲೆಕ್ಟರ್ ಡಬ್ಬಿ ತಂದು ಆಕ್ಸಿಗೆ ಹಚ್ರಿ. ಕರೆಂಟ್ ಬೇಕಿಲ್ಲ, ಒಳಗ ಬರೇ ಸ್ವಿಚ್. ಸಾಲ್ಡರಿಂಗ್ ಬಂದ್ರ ಎಡ-ಬಲ ಎರಡೂ ದನಿ ಒಟ್ಟಿಗೆ ಬದಲಸೋ ಎರಡು ಪೋಲಿನ ರೋಟರಿ (ತಿರುಗೋ) ಸ್ವಿಚ್ಚು, ಆಡಿಯೋ ಪಿನ್ ಕುಂದ್ರೋ ಆರ್‌ಸಿಎ ಸಾಕೆಟ್ಟು, ತಗಡಿನ ಡಬ್ಬಿ ತಗೊಂಡು ಮನ್ಯಾಗೇ ಮಾಡ್ಕೊಬಹುದು. ನನಗ ಅದೇ ಛಲೋ ಅನಸ್ತದ.

ಬೀದರ್ ಕಾಕಾ:
ಗುಂಯ್ ಅನ್ನೋದು ಕೇಬಲ್ ಟಿವಿ ವೈರಿಂದ ಇರಬೇಕು. ಅದರ ಹೊರಗಿನ ಜಾಳಿಗಿಂದ ಒಂದು ಅರ್ತ್, ಆಂಪ್ಲಿಫೈಯರಿನ ಮೂರು ಪಿನ್ನಿಂದ ಇನ್ನೊಂದು, ಎರಡರ ನಡುವ ಕರೆಂಟ್ ಸುತ್ತತದ. ಟಿವಿಯಿಂದ ಕೇಬಲ್ ವೈರ್ ಅಷ್ಟೇ ಕಿತ್ತಿ ನೋಡ್ರಿ. ಅರ್ತ್ ಪಿನ್ ಮಾತ್ರ ಯಾವ ಕಾರಣಕ್ಕೂ ತಗೀಬ್ಯಾಡ್ರಿ, ಜೀವಕ್ಕ ಕುತ್ತು.

ಬ್ರಹ್ಮಪುರದವ:
ಕಾಕಾ, ಕಿತ್ತಿದ್ಯಾ, ಸಪ್ಪಳ ಬಂದ್ ಆತು! ಆದ್ರ ಕೇಬಲ್ ಇಲ್ದ ಟಿವಿ ಹೆಂಗ ನೋಡೋದು?

ಬೀದರ್ ಕಾಕಾ:
ಟಿವಿ ಹಿಂದ ಆಪ್ಟಿಕಲ್ ತೂತು ಇದ್ರ ಡಿಜಿಟಲ್ ದನೀನ ಆಂಪ್ಲಿಫೈಯರಿಗೆ ಹೊಂದೋಹಂಗ ಬದಲಸೋ ಸಣ್ಣ ಡ್ಯಾಕ್ ಡಬ್ಬಿ ಹಚ್ರಿ. ದನಿ ಬೆಳಕಿನ ಮ್ಯಾಲ ಬರ್ತದ, ತಂತಿ ನಂಟೇ ಇಲ್ಲ. ಟಿವಿ ಸೆಟ್ಟಿಂಗಿನಾಗ ಆಡಿಯೋ ಪಿಸಿಎಂ (ಒತ್ತಿ ಕಿರಿದು ಮಾಡದ ಡಿಜಿಟಲ್ ದನಿ) ಮಾಡ್ರಿ, ಇಲ್ಲಂದ್ರ ಡಬ್ಬಿ ಸುಮ್ ಕುಂದರ್ತದ.

ಜೇವರ್ಗಿ ರೋಡ್ ರೇಡಿಯೋ:
ಡಬ್ಬಿಗೋಳ ಅಡಾಪ್ಟರೆಲ್ಲಾ ಒಂದ ಬೋರ್ಡಿಗೆ ಹಾಕಿ, ಅಪ್ಪಾರು ರೇಡಿಯೋ ಕೇಳೂ ಹೊತ್ತಿಗೆ ಬಂದ್ ಮಾಡ್ರಿ. ಮೀಡಿಯಂ ವೇವಿನಾಗ ಚರಚರ ಅನ್ನಸೋದು ಅವೇ. ಮತ್ತ ಸಿ.ಡಿ. ಪ್ಲೇಯರ್ ಆಂಪ್ಲಿಫೈಯರ್ ಮ್ಯಾಲ ಏರಿಸಬ್ಯಾಡ್ರಿ, ನಮ್ಮ ಬ್ಯಾಸಗಿ ನಿಮಗ ಗೊತ್ತೇ ಅದ.